ಎಥ್ನಿಕ್ ಡೇಗೆ ಇಪ್ಪತ್ತು ಜಾಕೀಟು

‘ಬ್ರೋ, ನಿಮ್ಮ ಅಮ್ಮ ಕಸೂತಿ ಹಾಕ್ತಾರಲ್ವಾ? ನಮ್ಮ ಟೀಮಿಗೆ ಇಪ್ಪತ್ತು ನೆಹರೂ ಜಾಕೆಟ್ ಬೇಕು. ಬ್ಲ್ಯಾಕ್ ಖಾದಿ, ಫ್ರಂಟ್‌ಗೆ ಫುಲ್ ಹ್ಯಾಂಡ್ ವರ್ಕ್. ನವೆಂಬರ್ ಒಂದಕ್ಕೆ ಹಾಕ್ಕೋಬೇಕು. ಪೀಸಿಗೆ 1,500 ಕೊಡೋಣ. ಲೋಕಲ್ ಆರ್ಟಿಸಾನ್ಸ್‌ಗೆ ಸಪೋರ್ಟ್ ಮಾಡಿದ ಹಾಗೂ ಆಗುತ್ತೆ.’

2024ರ ಸೆಪ್ಟೆಂಬರ್ ಕೊನೆಯ ವಾರ ನಮ್ಮ ಆಫೀಸಿನ ಗ್ರೂಪಿನಲ್ಲಿ ಬಂದ ಮೆಸೇಜ್ ಇದು. ಕೆಳಗೆ ಹದಿನಾಲ್ಕು ಚಪ್ಪಾಳೆ, ಆರು ಹಾರ್ಟು. ಬರೆದವನು ಕೆಟ್ಟವನಲ್ಲ. ನನಗಿಂತ ಒಳ್ಳೆ ಕೋಡ್ ಬರೀತಾನೆ, ಕೇಳದೇ ಸಾಲ ಕೊಡ್ತಾನೆ. ಆದರೂ ಆ ಕೊನೆಯ ಸಾಲು ಓದಿ ನನ್ನ ಮೈ ಉರಿದುಹೋಯ್ತು. ಉರಿದದ್ದು ಯಾಕೆ ಅಂತ ತಿಳಿಯೋಕೆ ನನಗೆ ನಾಲ್ಕು ತಿಂಗಳು, ಎರಡು ಮುರಿದ ಸೂಜಿ, ಒಂದು ಎಕ್ಸೆಲ್ ಶೀಟು ಬೇಕಾಯ್ತು. ಈ ಲೇಖನ ಆ ಶೀಟಿನದ್ದು.

ನಮ್ಮೂರು ಶಿರಗುಪ್ಪಿ. ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದರೆ ಸಿಗುವ ಎರೆಭೂಮಿಯ ಊರು. ಹತ್ತಿ, ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಮಳೆ ಕೈಕೊಟ್ಟರೆ ಏನೂ ಇಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಮನೆ ನಡೆದದ್ದು ಪಡಸಾಲೆಯ ಕಿಟಕಿ ಪಕ್ಕದ ಕಪ್ಪು ಉಷಾ ಮಷಿನ್ನಿನ ಮೇಲೆ. ಅವ್ವ ಜಂಪರ್ ಹೊಲೀತಿದ್ದಳು, ಫಾಲ್ ಹಚ್ಚುತ್ತಿದ್ದಳು, ಶಾಲೆ ಶುರುವಾಗುವ ಮುಂದೆ ಊರ ಹುಡುಗರ ಚಡ್ಡಿ ಅಂಗಿ. ಮದುವೆ ಸೀಜನ್ನಿನಲ್ಲಿ ಯಾರಾದರೂ ಕೇಳಿದರೆ ಸೀರೆಗೆ ಕಸೂತಿ. ಬಿಇ ನಾಲ್ಕೂ ವರ್ಷ ನನ್ನ ಹಾಸ್ಟೆಲ್ ಮೆಸ್ ಬಿಲ್ಲು ಬಂದದ್ದು ಆ ಮಷಿನ್ನಿನ ಡ್ರಾವರಿನಲ್ಲಿದ್ದ ಚಿಲ್ಲರೆಯಿಂದ. ಹಾಗಿದ್ದೂ ಕಾಲೇಜಿನ ಅಡ್ಮಿಶನ್ ಫಾರ್ಮಿನಲ್ಲಿ ‘ತಾಯಿಯ ಉದ್ಯೋಗ’ ಅನ್ನೋ ಕಡೆ ನಾನೇ, ನನ್ನ ಕೈಯಾರೆ, ‘ಗೃಹಿಣಿ’ ಅಂತ ಬರೆದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದ ಹುಡುಗ ಹಾಗೇ ಬರೆದಿದ್ದ, ನಾನೂ ಬರೆದೆ.

ಆದ್ದರಿಂದ ಇಲ್ಲಿ ಬೈಯುವ ಮಂದಿಯ ಪಟ್ಟಿಯಲ್ಲಿ ನಾನೂ ಇದ್ದೀನಿ ಅಂತ ಮೊದಲೇ ಹೇಳಿಬಿಡ್ತೀನಿ.

ಮೆಸೇಜಿಗೆ ತಕ್ಷಣ ಉತ್ತರ ಕೊಡಲಿಲ್ಲ. ದಸರೆಗೆ ಊರಿಗೆ ಹೋದಾಗ ಅವ್ವನ ಮುಂದೆ ವಿಷಯ ಇಟ್ಟೆ. ಅವಳು ಕೇಳಿದ ಮೊದಲ ಪ್ರಶ್ನೆ: ‘ಅಷ್ಟೂ ಮಂದೀದು ಎದಿ ಅಳತಿ ಬ್ಯಾರೆ ಬ್ಯಾರೆ ಇರತೈತೋ ಇಲ್ಲೋ?’ ಎರಡನೆಯದು: ‘ಯಾವಾಗ ಬೇಕಂತ?’ ರೊಕ್ಕದ ಪ್ರಶ್ನೆ ಬರಲೇ ಇಲ್ಲ. ನಾನೇ ಹೇಳಿದೆ. ‘ಒಂದೂವರಿ ಸಾವಿರ? ಸಾಕ ಬಿಡಪಾ, ನಿಮ್ಮ ದೋಸ್ತರಲ್ಲೇನ’ ಅಂದಳು.

ಎಸ್ಟಿಮೇಟ್ ಇಲ್ಲದೆ ನಾವು ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸಲ್ಲ. ಸ್ಟೋರಿ ಪಾಯಿಂಟು, ಬಫರು, ರಿಸ್ಕು ಅಂತ ಅರ್ಧ ದಿನ ಮೀಟಿಂಗ್ ಮಾಡ್ತೀವಿ. ಅವ್ವನ ಕೆಲಸಕ್ಕೆ ಮಾತ್ರ ಎಸ್ಟಿಮೇಟ್ ಕೊಟ್ಟವನು ಬೆಂಗಳೂರಿನಲ್ಲಿ ಕೂತ, ಸೂಜಿಗೆ ದಾರ ಪೋಣಿಸಲು ಬಾರದ ಇಪ್ಪತ್ತೆಂಟರ ಹುಡುಗ. ಸರಿ, ಒಂದು ಜಾಕೀಟು ಹೊಲಿದು ನೋಡೇಬಿಡೋಣ, ಎಷ್ಟು ತಾಸು ಹಿಡಿಯತ್ತೆ ಬರೆದಿಡೋಣ ಅಂದುಕೊಂಡೆ. ಕರಾರು ಹೀಗೆ: ಬಲಗಡೆಯ ಮುಂಭಾಗದ ಕಸೂತಿ ಅವ್ವಂದು, ಎಡಗಡೆಯದು ನಂದು. ಉಳಿದದ್ದು ಇಬ್ಬರೂ ಸೇರಿ, ಅವಳು ಹೇಳಿದಂತೆ ನಾನು. ಆಮೇಲೆ ಹೆಚ್ಚುಕಡಿಮೆ ಪ್ರತಿ ಶನಿವಾರ ಭಾನುವಾರ ಹುಬ್ಬಳ್ಳಿ ಬಸ್ಸು.

ಕಪ್ಪು ಖಾದಿ ತಂದದ್ದು ಹುಬ್ಬಳ್ಳಿಯಲ್ಲಿ. ಅಸ್ತರು, ಬಕ್ರಂ, ಗುಂಡಿ ದಾಜಿಬಾನ ಪೇಟೆಯಲ್ಲಿ. ಕಾಲರಿನ ಒಳಗೆ, ಕಿಸೆಯ ಪಟ್ಟಿಗೆ, ಅಂಚಿನ ಪೈಪಿಂಗಿಗೆ ಗುಳೇದಗುಡ್ಡದ ಖಣ; ಅದನ್ನು ಕೊಳ್ಳಬೇಕಾಗಲಿಲ್ಲ. ನಮ್ಮ ಕಡೆ ಯಾವ ಮನೆಯ ಟ್ರಂಕು ತೆಗೆದರೂ ಉಡಿ ತುಂಬುವಾಗ ಬಂದ ಖಣಗಳ ಗಂಟೇ ಇರತ್ತೆ. (ಅದರಲ್ಲಿ ಅರ್ಧ ಮನೆಯಿಂದ ಮನೆಗೆ ಸುತ್ತುತ್ತಲೇ ಇರುವ ಖಣಗಳು, ಯಾರೂ ಹೊಲಿಸಿಕೊಳ್ಳಲ್ಲ. ನಮ್ಮ ಅತ್ತಿ ಕೊಟ್ಟ ಒಂದು ಖಣ ಮೂರು ವರ್ಷಕ್ಕೆ ಅವರ ಮನೆಗೇ ವಾಪಸ್ ಹೋಗಿತ್ತು.) ಖಾದಿಯನ್ನು ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗತ್ತೆ. ಆಮೇಲೆ ಚಾಕಿನಲ್ಲಿ ಆಕಾರ ಬರೆಯಬೇಕು, ಆದರೆ ಕತ್ತರಿಸಬಾರದು. ಕಸೂತಿ ಮುಗಿದ ಮೇಲೇ ಕತ್ತರಿ. ಇದು ನನಗೆ ಗೊತ್ತಿರಲಿಲ್ಲ, ಕತ್ತರಿ ಎತ್ತಿದ್ದೆ. ಅವ್ವ ಕೈ ಮೇಲೆ ಒಂದು ಕೊಟ್ಟಳು.

ಕಸೂತಿ ಅಂದರೆ ಏನು ಅಂತ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ ಅಂತ ಭಾವಿಸ್ತೀನಿ, ಯಾಕೆಂದರೆ ಸೂಜಿಯಿಂದ ಮಾಡಿದ ಎಲ್ಲಕ್ಕೂ ನೀವು ಕಸೂತಿ ಅಂತೀರಿ. ಧಾರವಾಡ ಸೀಮೆಯ ಕಸೂತಿ ಬೇರೆ. ಇದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳೋ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹೊಲಿಯಬೇಕು. ಗಂಟು ಹಾಕೋ ಹಾಗಿಲ್ಲ. ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಅಂತ ಹೋಗತ್ತೆ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರತ್ತೆ. ಹಾಗಾಗಿ ಎರಡೂ ಬದಿ ಒಂದೇ ಥರ ಕಾಣತ್ತೆ. ಮುರಗಿ ಅದೇ ರೀತಿ ಮೆಟ್ಟಿಲು ಮೆಟ್ಟಿಲಾಗಿ. ನೇಗಿ ನೇಯ್ದ ಹಾಗೆ, ಮೆಂತಿ ಮೆಂತೆಕಾಳಿನ ಹಾಗೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ನವಿಲು, ಪಲ್ಲಕ್ಕಿ. ಹಿಂದೆ ಮದುವೆಯಾಗುವ ಹೆಣ್ಣಿಗೆ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಇವನ್ನೆಲ್ಲ ಹಾಕಿ ಕೊಡ್ತಿದ್ದರು.

ಗವಂತಿಯ ಗಮ್ಮತ್ತು ಅಂದರೆ ನೀವು ಹೊರಟ ಜಾಗಕ್ಕೇ ವಾಪಸ್ ಬರಬೇಕು, ಮಧ್ಯದಲ್ಲಿ ದಾರ ಕಡಿಯಬಾರದು, ಎಲ್ಲ ಗೆರೆಯೂ ತುಂಬಿರಬೇಕು. ಕಂಪ್ಯೂಟರ್ ಸೈನ್ಸ್ ಓದಿದವರು ಇಲ್ಲಿ ನಗಬೇಕು. 1736ರಲ್ಲಿ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಬಗ್ಗೆ ಕೇಳಿಕೊಂಡ ಲೆಕ್ಕವೇ ಇದು. ಪ್ರತಿ ಗೆರೆಯನ್ನೂ ಎರಡು ಸಲ ಹಾದರೆ ಎಲ್ಲ ಬಿಂದುವಿನ ಡಿಗ್ರಿಯೂ ಸಮಸಂಖ್ಯೆ ಆಗತ್ತೆ, ಹೊರಟಲ್ಲಿಗೇ ಬರೋ ದಾರಿ ಇದ್ದೇ ಇರತ್ತೆ. ದಾರಿ ಇದೆ ಅಂತ ಗೊತ್ತಿದ್ದೂ ಗೋಪುರದ ಮೂರನೇ ಅಂತಸ್ತಿನಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಅವ್ವ ನಾಲ್ಕನೇ ಇಯತ್ತೆ. ಒಂದು ಸಲ ಕಣ್ಣಾಡಿಸಿ, ‘ಬಲಕ್ಕ ಹೊಳ್ಳು, ಕಳಸ ಮುಗಿಸ್ಕೊಂಡ ಬಾ’ ಅಂದಳು.

ಇದನ್ನು ಓದಿ ‘ವಾವ್, ನಮ್ಮ ಹಳ್ಳಿ ಹೆಂಗಸರ ಗಣಿತಜ್ಞಾನ’ ಅಂತ ಪೋಸ್ಟ್ ಹಾಕೋಕೆ ಹೊರಟಿದ್ದರೆ ದಯವಿಟ್ಟು ಬೇಡ. ಆ ಜ್ಞಾನಕ್ಕೆ ತಾಸಿಗೆ ಎಷ್ಟು ಕೊಡ್ತೀರಿ ಅಂತ ಮೊದಲು ಹೇಳಿ. ವಾವ್ ಅನ್ನೋದು ಪುಕ್ಕಟೆ ಇರೋದಕ್ಕೇ ಅಲ್ವಾ ನಾವು ಅಷ್ಟು ಧಾರಾಳ?

ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವ ಕಷ್ಟ ಒಂದು ಸಲ ಮಾಡಿ ನೋಡಿ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಕಪ್ಪಲ್ಲೇ ಕರಗಿಹೋಗತ್ತೆ. ಅವ್ವ ತೊಡೆ ಮೇಲೆ ಬಿಳಿ ಪಂಚೆ ಹಾಸಿಕೊಂಡು ಕೂರ್ತಾಳೆ, ಎಳೆಗಳ ಸಂದಿನಿಂದ ಬಿಳಿ ಕಾಣತ್ತೆ. ಅದೂ ಹೊತ್ತು ಮುಳುಗೋ ತನಕ ಮಾತ್ರ. ಖಾದಿ ಕೈಯಲ್ಲಿ ನೂತ ನೂಲು, ಒಂದು ಕಡೆ ದಪ್ಪ ಒಂದು ಕಡೆ ತೆಳು. ಅಡ್ಡ ನಾಲ್ಕು ಎಳೆ, ಉದ್ದ ನಾಲ್ಕು ಎಳೆ ಅಂತ ಎಣಿಸಿದರೆ ಗೋಪುರ ತುಸು ಉದ್ದ ಆಗತ್ತೆ. ನಯವಾದ ಬಟ್ಟೆಯಾದರೆ ಎಳೆ ಎಣಿಸೋಕೇ ಆಗಲ್ಲ, ಮೇಲೊಂದು ಜಾಳು ಬಟ್ಟೆ ಹಚ್ಚಿ, ಅದರ ಕಿಂಡಿ ಲೆಕ್ಕ ಹಿಡಿದು ಹೊಲಿದು, ಕೊನೆಗೆ ಆ ಜಾಳಿನ ಒಂದೊಂದೇ ಎಳೆ ಎಳೆದು ತೆಗೀತಾರೆ. ನಾನು ಒಂದು ಎಳೆ ತಪ್ಪಿ ಎಣಿಸಿದ್ದು ಗೊತ್ತಾದದ್ದು ಎರಡು ವಾರ ಆದ ಮೇಲೆ, ನನ್ನ ತೇರಿನ ಗಾಲಿಗಳು ಒಂದಕ್ಕೊಂದು ಸೇರದೇ ಹೋದಾಗ. ಬಿಚ್ಚಿದೆ. ಬಿಚ್ಚಿದ ತಾಸುಗಳೂ ಶೀಟಿನಲ್ಲಿವೆ.

ಒಂದು ಅನುಮಾನ ಇತ್ತು. ಜಾಕೀಟಿಗೆ ಹೇಗೂ ಅಸ್ತರು ಹಚ್ತೀವಿ, ಹಿಂದಿನ ಬದಿ ಯಾರಿಗೂ ಕಾಣಲ್ಲ, ಮತ್ತ್ಯಾಕೆ ಎರಡೂ ಕಡೆ ಒಂದೇ ಥರ, ಗಂಟಿಲ್ಲದೆ? ಅವ್ವನಿಂದ ದೊಡ್ಡ ಕಲಾತತ್ತ್ವ ಬರಬಹುದು ಅಂತ ಕಾದೆ. ‘ಗಂಟ ಇದ್ರ ಇಸ್ತ್ರಿ ಮಾಡಿದಾಗ ಮುಂದ ಉಬ್ಬತೈತಿ’ ಅಂದಳು. ಅಷ್ಟೇ.

ಕಸೂತಿ ಮುಗಿದ ಮೇಲಿನದ್ದು ಮಷಿನ್ ಕೆಲಸ. ಮುಂದಿನ ಎರಡು ಭಾಗ, ಬೆನ್ನಿನ ಒಂದು ಭಾಗ, ಅಷ್ಟೇ ಅಸ್ತರು, ಕಾಲರ್, ಕಿಸೆ. ಮೊದಲು ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಕೂಡಿಸಿ, ಮೈಮೇಲೆ ಹಾಕಿ ನೋಡಿ, ಆಮೇಲೆ ಭುಜ, ಪಕ್ಕ, ಬಗಲು. ಕಾಲರಿನ ಹತ್ತಿರ ಖಾದಿ, ಬಕ್ರಂ, ಖಣ, ಅಸ್ತರು ಎಲ್ಲ ಒಂದರ ಮೇಲೊಂದು ಬಿದ್ದು ಬೆರಳಿನಷ್ಟು ದಪ್ಪ ಆಗತ್ತೆ. ಅಲ್ಲಿ ಹದಿನಾಲ್ಕನೇ ನಂಬರಿನ ಸೂಜಿ ಎರಡು ಮುರಿದೆ. ಹದಿನಾರು ಹಾಕಬೇಕು, ಪೆಡಲ್ ತುಳಿಯಬಾರದು, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ ದಾಟಿಸಬೇಕು. ಕೊನೆಯಲ್ಲಿ ಮತ್ತೆ ಕೈ: ಕೆಳ ಅಂಚಿನ ಹೆಮ್ಮಿಂಗ್, ಐದು ಕಾಜ, ಐದು ಗುಂಡಿ. ನಮ್ಮ ಹಳೆ ಮಷಿನ್ನಿಗೆ ಕಾಜ ಮಾಡೋಕೆ ಬರಲ್ಲ.

ಈಗ ಲೆಕ್ಕ.

ಅವ್ವ ಬಲಗಡೆಯ ಕಸೂತಿ ಮುಗಿಸಿದ್ದು 21 ತಾಸಿನಲ್ಲಿ. ನಾನು ಎಡಗಡೆಗೆ ತಗೊಂಡದ್ದು 79 ತಾಸು, ಅದನ್ನು ಬಿಡಿ. ಎರಡೂ ಕಡೆ ಅವಳೇ ಹಾಕಿದ್ದರೆ 42. ಕತ್ತರಿಸಿ ಮಷಿನ್ ಹೊಲಿಗೆ ಹಾಕೋಕೆ 8. ಕಾಜ, ಗುಂಡಿ, ಹೆಮ್ಮಿಂಗ್, ಇಸ್ತ್ರಿ 7. ಒಟ್ಟು 57 ತಾಸು. ಸಾಮಾನಿಗೆ 1,180 ರೂಪಾಯಿ, ಟ್ರಂಕಿನ ಖಣ ಬಿಟ್ಟು.

1,500ರಲ್ಲಿ 1,180 ಕಳೆದರೆ ಉಳಿದದ್ದು 320. ಅದನ್ನು 57ರಿಂದ ಭಾಗಿಸಿ. ತಾಸಿಗೆ ಐದು ರೂಪಾಯಿ ಅರವತ್ತೊಂದು ಪೈಸೆ. ನಮ್ಮ ಆಫೀಸಿನ ಕೆಳಗಿನ ಅಂಗಡಿಯಲ್ಲಿ ಅರ್ಧ ಕಪ್ ಚಹಾನೂ ಬರಲ್ಲ. ಆ ವರ್ಷ, ಅಂದರೆ 2024-25ರಲ್ಲಿ, ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ಕೆರೆ ಹೂಳು ಎತ್ತುವ, ಬದು ಹಾಕುವ ಕೆಲಸಕ್ಕೆ, ಯಾವ ಕೌಶಲವೂ ಬೇಡ ಅಂತ ಸರಕಾರವೇ ಹೇಳುವ ಕೆಲಸಕ್ಕೆ. ದಿನಕ್ಕೆ ಎಂಟು ತಾಸು ಹಿಡಿದು ಆ ಕೂಲಿಯ ಲೆಕ್ಕದಲ್ಲಿ 57 ತಾಸಿಗೆ ಸುಮಾರು 2,490. ಸಾಮಾನು ಸೇರಿಸಿದರೆ ಜಾಕೀಟಿಗೆ 3,670. ಇದರಲ್ಲಿ ಕಣ್ಣಿನ ದುಡ್ಡಿಲ್ಲ, ನಲವತ್ತು ವರ್ಷದ ಅಭ್ಯಾಸದ ದುಡ್ಡಿಲ್ಲ, ಲಾಭ ಅಂತೂ ಇಲ್ಲವೇ ಇಲ್ಲ. ಬರೀ ಮಣ್ಣು ಅಗೆಯುವ ರೇಟು.

ಇನ್ನು ಇಪ್ಪತ್ತು ಜಾಕೀಟಿಗೆ 1,140 ತಾಸು. ನಮ್ಮವರು ಕೊಟ್ಟ ಗಡುವು ಐದು ವಾರ. ಐದು ವಾರದಲ್ಲಿ ಇರೋದೇ 840 ತಾಸು. ಅವ್ವ ಉಣ್ಣದೆ, ಮಲಗದೆ, ಎಮ್ಮೆ ಹಿಂಡದೆ ಹಗಲೂ ರಾತ್ರಿ ಕೂತರೂ ಆರು ಮಂದಿ ಎಥ್ನಿಕ್ ಡೇಗೆ ಬರೀ ಶರ್ಟಿನಲ್ಲೇ ಬರಬೇಕಾಗಿತ್ತು.

ಈ ಶೀಟಿನ ಅರ್ಧ ತಯಾರಾಗಿದ್ದಾಗಲೇ, ಅಕ್ಟೋಬರಿನಲ್ಲಿ, ಗ್ರೂಪಿಗೆ ಹಾಕಿದೆ. ಒಂದೆರಡು ತಾಸು ಯಾರೂ ಮಾತಾಡಲಿಲ್ಲ. ಆಮೇಲೆ ಮೂರು ಥರದ ಉತ್ತರ ಬಂತು. ಮೂರೂ ನೀವು ಎಲ್ಲೋ ಕೇಳಿರ್ತೀರಿ, ಬಹುಶಃ ನೀವೇ ಹೇಳಿರ್ತೀರಿ.

ಒಬ್ಬ ಲಿಂಕ್ ಕಳಿಸಿದ. ‘ಹ್ಯಾಂಡ್‌ಮೇಡ್ ಕಸೂತಿ ಜಾಕೆಟ್, 1,499, ಫ್ರೀ ಡೆಲಿವರಿ. ಇವರು ಕೊಡ್ತಾರಲ್ಲ, ನಿಮಗ್ಯಾಕೆ ಆಗಲ್ಲ?’ ಅಂತ. ಫೋಟೋ ದೊಡ್ಡದು ಮಾಡಿ ನೋಡಿದೆ. ಕಂಪ್ಯೂಟರ್ ಎಂಬ್ರಾಯ್ಡರಿ. ಗುರುತು ಹಿಡಿಯೋದು ಕಷ್ಟ ಏನಲ್ಲ: ಕೈಗೆ ಬಂದಾಗ ತಿರುಗಿಸಿ ಒಳಗೆ ನೋಡಿ. ಮಷಿನ್ನಿನದಾದರೆ ಹಿಂದೆ ಬಾಬಿನ್ನಿನ ದಾರ ಬೇರೆಯೇ ಇರತ್ತೆ, ಸಾಮಾನ್ಯವಾಗಿ ಬಿಳಿ. ಹೊಲಿಗೆಯ ಹಿಂದೆ ಕಾಗದದಂಥ ಪೇಸ್ಟಿಂಗ್ ಅಂಟಿಕೊಂಡಿರತ್ತೆ. ಒಂದು ಹೂವಿನಿಂದ ಇನ್ನೊಂದಕ್ಕೆ ದಾರ ಜಿಗಿದಿರತ್ತೆ. ಇಪ್ಪತ್ತು ಗೋಪುರ ಇದ್ದರೆ ಇಪ್ಪತ್ತೂ ಅಚ್ಚೊತ್ತಿದ ಹಾಗೆ. ಅಸ್ತರು ಹಚ್ಚಿದ್ದರೆ ಒಳಗೆ ಏನೂ ಕಾಣಲ್ಲ, ಆಗ ರೇಟೇ ಹೇಳಿಬಿಡತ್ತೆ. ಧಾರವಾಡ ಕಸೂತಿಗೆ 2006ರಲ್ಲೇ ಜಿಐ ಟ್ಯಾಗ್ ಬಂದಿದೆ. ಟ್ಯಾಗ್ ಬಂದದ್ದು ಫೈಲಿಗೆ; ಸರ್ಚ್ ಬಾಕ್ಸಿನಲ್ಲಿ ಕಸೂತಿ ಅಂತ ಟೈಪಿಸಿದರೆ ಏನೇನು ಬರತ್ತೆ ನೋಡಿ.

ಮಷಿನ್ ಎಂಬ್ರಾಯ್ಡರಿ ಮೇಲೆ ನನಗೆ ಸಿಟ್ಟಿಲ್ಲ. ಅವ್ವ ದಿನಾ ಉಡೋದು ಪ್ರಿಂಟೆಡ್ ಸೀರೆ, ಮುನ್ನೂರು ರೂಪಾಯಿದು. ದುಡ್ಡಿಲ್ಲದವರು ಅಗ್ಗದ್ದು ಹಾಕ್ಕೋತಾರೆ, ದುಡ್ಡಿದ್ದವರೂ ಹಾಕ್ಕೊಳ್ಳಲಿ. ಪ್ರಿಂಟನ್ನು ಪ್ರಿಂಟ್ ಅಂತ, ಮಷಿನ್ನನ್ನು ಮಷಿನ್ ಅಂತ ಮಾರಿ, ನಮ್ಮ ತಕರಾರಿಲ್ಲ. ಹತ್ತು ನಿಮಿಷದಲ್ಲಿ ಮಷಿನ್ ಒತ್ತಿದ ಗೋಪುರಕ್ಕೆ ‘ಕೈಯಿಂದ’ ಅಂತ ಹೆಸರಿಟ್ಟು ಮಾರಿದಾಗ ನಿಜವಾಗಿ ಕೈಯಿಂದ ಹಾಕುವವಳ ರೇಟು ಬೀಳತ್ತೆ. ನನ್ನ ಸಹೋದ್ಯೋಗಿಯ ತಲೆಯಲ್ಲಿ 1,500 ಅನ್ನೋ ಅಂಕಿ ಆಕಾಶದಿಂದ ಇಳಿದದ್ದಲ್ಲ, ಅದೇ ಲಿಂಕಿನಿಂದ ಇಳಿದದ್ದು.

ಇನ್ನೊಬ್ಬಳು ಬಹಳ ಮುತುವರ್ಜಿಯಿಂದ ಕೇಳಿದಳು: ‘ಭುಜ, ಪಕ್ಕ ಎಲ್ಲ ಮಷಿನ್ ಸ್ಟಿಚ್ ಅಂದ್ರೆ ಅದು ಆಥೆಂಟಿಕ್ ಅಲ್ವಲ್ಲ? ಪೂರ್ತಿ ಹ್ಯಾಂಡ್ ಸ್ಟಿಚ್ಡ್ ಆದ್ರೆ 2,000 ಕೊಡಬಹುದು.’ ಅಯ್ಯೋ ತಾಯೀ. ಅವ್ವನಿಗೆ ಉಷಾ ಮಷಿನ್ ಅಂದರೆ ಬಂಗಾರಕ್ಕಿಂತ ಹೆಚ್ಚು. ಮಷಿನ್ನು ಬರೋ ಮುಂಚೆ ಎಂಟು ತಾಸಿನ ಆ ಕೆಲಸ ಕೈಯಲ್ಲಿ ಎಷ್ಟು ದಿನ ಹಿಡೀತಿತ್ತು ಅಂತ ಅವಳಿಗೆ ಗೊತ್ತು. 1831ರಲ್ಲಿ ಪ್ಯಾರಿಸ್ಸಿನ ದರ್ಜಿಗಳು ತಿಮೋನಿಯೆ ಅನ್ನೋನ ಹೊಲಿಗೆ ಮಷಿನ್ನುಗಳನ್ನು ಒಡೆದು ಹಾಕಿದ್ದರು, ಹೊಟ್ಟೆಪಾಡು ಹೋಗತ್ತೆ ಅನ್ನೋ ಭಯಕ್ಕೆ. ಆ ಭಯ ನನಗೆ ಅರ್ಥ ಆಗತ್ತೆ. ಆದರೆ ಯಂತ್ರಗಳನ್ನು ಅಷ್ಟು ಬೈದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೂತು ಕೂತು ಹೊಲಿಯೋ ಕಷ್ಟ ನೋಡಲಾರದೆ ಸಿಂಗರ್ ಅದನ್ನು ಮಾಡಿದ ಅಂತ ಅವರ ವಾದ. ಆ ಕತೆ ಎಷ್ಟು ನಿಜವೋ, ವಾದ ಮಾತ್ರ ಸರಿಯಾಗಿದೆ. ದುಡಿಯುವವಳ ಬೆನ್ನು ಉಳಿಸುವ ಯಂತ್ರ ಒಂದು, ಅವಳನ್ನೇ ಕೆಲಸದಿಂದ ಎಬ್ಬಿಸುವ ಯಂತ್ರ ಇನ್ನೊಂದು.

ನಮ್ಮ ಹುಬ್ಬಳ್ಳಿಯ ಬೆಂಗೇರಿಯನ್ನೇ ನೋಡಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರಿಂದ ಇದೆ. ಭಾರತೀಯ ಮಾನಕ ಬ್ಯೂರೋದ ಮೊಟ್ಟಮೊದಲ ನಂಬರಿನ ಮಾನಕ, ಐಎಸ್ 1, ಅದು ರಾಷ್ಟ್ರಧ್ವಜದ್ದು. ಆ ಮಾನಕದಂತೆ ಧ್ವಜ ತಯಾರಾಗುವ ಜಾಗ ಬೆಂಗೇರಿ. ಕೈಯಲ್ಲಿ ನೂತ ನೂಲು, ಕೈಮಗ್ಗದ ಬಟ್ಟೆ, ಹೊಲಿಗೆ ಮಾತ್ರ ಮಷಿನ್ ಮೇಲೆ, ಕೂತು ಹೊಲಿಯುವವರು ಹೆಚ್ಚಾಗಿ ಹೆಂಗಸರು. ಅದರಿಂದ ಧ್ವಜ ಆಥೆಂಟಿಕ್ ಅಲ್ಲ ಅಂತ ಯಾರೂ ಅಂದಿಲ್ಲ. 2021ರ ಡಿಸೆಂಬರ್ 30ಕ್ಕೆ ಧ್ವಜ ಸಂಹಿತೆಗೆ ತಿದ್ದುಪಡಿ ಬಂತು. ಪಾಲಿಸ್ಟರ್ ಆದರೂ ಸರಿ, ಮಷಿನ್ನಿನಲ್ಲಿ ತಯಾರಾದ ಬಟ್ಟೆಯಾದರೂ ಸರಿ ಅಂತ. ಮುಂದಿನ ವರ್ಷ ಮನೆಮನೆಗೂ ಧ್ವಜ ಹಾರಿತು. ಬೆಂಗೇರಿಯವರು ಬೀದಿಗಿಳಿದು ವಿರೋಧಿಸಿದರು. ಅವರು ಯಂತ್ರದ ವೈರಿಗಳಾಗಿದ್ದರೆ ದಿನಾ ಯಂತ್ರದ ಮುಂದೆ ಕೂರ್ತಿದ್ದರಾ? ಅವರು ಕೇಳಿದ್ದು ತಮ್ಮ ಅನ್ನದ ಪ್ರಶ್ನೆ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಇಪ್ಪತ್ತೈದು ರೂಪಾಯಿಯ ಪಾಲಿಸ್ಟರ್ ಧ್ವಜ ಕಟ್ಟಿ ಫೋಟೋ ಹಾಕಿದವರಲ್ಲಿ ನಾನೂ ಒಬ್ಬ. ಬೆಂಗೇರಿ ನನ್ನ ಊರಿನ ದಾರಿಯಲ್ಲೇ ಇತ್ತು.

ಹಾಗಾಗಿ ‘ಪೂರ್ತಿ ಕೈಯಿಂದಲೇ’ ಅನ್ನೋ ಹಠ ನನಗೆ ಕಲಾಪ್ರೇಮ ಅನ್ನಿಸಲ್ಲ. ನಮ್ಮ ಮನೆಯಲ್ಲಿ ವಾಷಿಂಗ್ ಮಷಿನ್, ಡಿಶ್‌ವಾಶರ್, ರೋಬೋ ಕಸಪೊರಕೆ. ಹಳ್ಳಿಯ ಹೆಂಗಸು ಮಾತ್ರ ಭುಜದ ಹೊಲಿಗೆಯನ್ನೂ ಕೈಯಲ್ಲೇ ಹಾಕಬೇಕು, ಯಾಕೆಂದರೆ ನಮಗೆ ಹಳೆಗಾಲದ ಫೀಲ್ ಬೇಕು. ಅದಕ್ಕೆ ಹೆಚ್ಚಿನ ಬಹುಮಾನ ಐನೂರು ರೂಪಾಯಿ.

ಮೂರನೇ ಉತ್ತರ ನನ್ನ ಮ್ಯಾನೇಜರದ್ದು. ‘ಮಾರ್ಕೆಟ್ ಏನು ಕೊಡತ್ತೋ ಅದೇ ರೇಟು. ಸೆಂಟಿಮೆಂಟ್ ಬೇಡ.’ ಇದರಲ್ಲಿ ಸತ್ಯ ಇದೆ, ಒಪ್ಪಿಕೊಳ್ತೀನಿ. 3,670ಕ್ಕೆ ಯಾರೂ ಕೊಳ್ಳದಿದ್ದರೆ ಅವ್ವನ ಜಾಕೀಟಿಗೆ ಮಾರ್ಕೆಟ್ ಇಲ್ಲ ಅಂತಲೇ ಅರ್ಥ. ಆದರೆ ಮಾರ್ಕೆಟ್ಟಿನಲ್ಲಿ ಮಾರುವವನಿಗೆ ತನ್ನ ಖರ್ಚು ಗೊತ್ತಿರತ್ತೆ. ಉಳ್ಳಾಗಡ್ಡಿಗೆ ರೇಟು ಬಿದ್ದರೆ ಅಪ್ಪ ಎಪಿಎಂಸಿಯಲ್ಲಿ ನಿಂತು ಬೈತಾನೆ, ಬೀಜಕ್ಕಿಷ್ಟು ಗೊಬ್ಬರಕ್ಕಿಷ್ಟು ಆಳಿಗಿಷ್ಟು ಅಂತ ಬೆರಳು ಮಡಚಿ ಎಣಿಸ್ತಾನೆ. ಅದೇ ಮನೆಯಲ್ಲಿ ಅವ್ವ ತನ್ನ ತಾಸು ಎಣಿಸಿದವಳೇ ಅಲ್ಲ. ‘ಖಾಲಿ ಕುಂತಾಗ ಮಾಡೂದು’ ಅಂತಾಳೆ. ಅವಳು ಖಾಲಿ ಕೂತದ್ದನ್ನು ನಾನು ಯಾವತ್ತೂ ನೋಡಿಲ್ಲ. ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಳಿಸಿ, ಎಮ್ಮೆ ನೋಡಿ, ಆಮೇಲೆ ಬಿಸಿಲಿರೋ ಮೂರು ತಾಸು ಕಿಟಕಿ ಪಕ್ಕ ಕೂತರೆ ಅದಕ್ಕೆ ಖಾಲಿ ಅನ್ನೋ ಹೆಸರು. ಅದೇ ಹೊಲಿಗೆ ಪೇಟೆಯಲ್ಲಿ ಅಂಗಡಿ ಹಾಕಿದ ಗಂಡಸು ಮಾಡಿದರೆ ಟೇಲರ್, ಬೋರ್ಡು, ಬಿಲ್ ಬುಕ್ಕು. ಪಡಸಾಲೆಯಲ್ಲಿ ಹೆಂಗಸು ಮಾಡಿದರೆ ಟೈಮ್‌ಪಾಸು.

ಅದಕ್ಕೂ ಮೇಲೆ ಹೊಸದೊಂದು ಬಂದಿದೆ, ಹಾಬಿ. ನಾನು ಹೊಲೀತಿದೀನಿ ಅಂತ ಗೊತ್ತಾದ ಮೇಲೆ ಆಫೀಸಿನಲ್ಲಿ ನನಗೆ ಸಿಕ್ಕ ಮರ್ಯಾದೆ ಏನು ಕೇಳ್ತೀರಿ! ‘ಸೋ ಮೈಂಡ್‌ಫುಲ್’, ‘ಡಿಜಿಟಲ್ ಡಿಟಾಕ್ಸ್’, ‘ನಂಗೂ ಕಲಿಸು ಬ್ರೋ’. ವಕ್ರ ತೇರಿನ ಫೋಟೋ ಹಾಕಿದೆ, ಇನ್ನೂರು ಲೈಕು. ಅವ್ವ ನಲವತ್ತು ವರ್ಷದಿಂದ ನೆಟ್ಟಗಿನ ತೇರು ಎಳೀತಿದಾಳೆ, ಲೈಕಿರಲಿ, ಪಕ್ಕದ ಓಣಿಯವರು ಜಂಪರಿನ ಬಾಕಿ ಯುಗಾದಿಗೆ ಕೊಡ್ತೀವಿ ಅಂತ ದೀಪಾವಳಿ ದಾಟಿಸ್ತಾರೆ. ಸಂಬಳದ ಕೆಲಸ ಇದ್ದವನು ಸೂಜಿ ಹಿಡಿದರೆ ಮನಸ್ಸಿನ ಆರೋಗ್ಯ, ಸೂಜಿಯೇ ಕೆಲಸ ಆದವಳಿಗೆ ಬರೀ ಬೆನ್ನುನೋವು.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬಿನ ಪಟ್ಟಿಯಲ್ಲಿ ದರ್ಜಿ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಸ್ಟೈಪೆಂಡು, ಸಾಮಾನಿಗೆ 15,000 ತನಕ. ಕಸೂತಿ ಪಟ್ಟಿಯಲ್ಲಿಲ್ಲ. ಆದರೂ ಡಿಸೆಂಬರಿನಲ್ಲಿ ಅವ್ವನ ಹೆಸರಿನಲ್ಲಿ ಅರ್ಜಿ ಹಾಕೋಣ ಅಂತ ಕೂತೆ. ಉದ್ಯೋಗ ‘ದರ್ಜಿ’ ಅಂತ ಆರಿಸಿದ್ದೇ ತಡ, ಹಿಂದಿನಿಂದ ದನಿ: ‘ನಾ ಎಲ್ಲಿ ದರ್ಜಿ ಆದ್ನಿ? ಸುಮ್ಮ ಜಂಪರ್ ಹೊಲಿತೀನಿ ಅಷ್ಟ. ಮಂದಿ ಏನಂದಾರು.’ ಹದಿನೇಳು ವರ್ಷದ ಹಿಂದೆ ನಾನು ಬರೆದ ‘ಗೃಹಿಣಿ’ ಅವಳಿಗೂ ಸರಿ ಅನ್ನಿಸಿತ್ತು ಅಂತ ಅವತ್ತು ಗೊತ್ತಾಯ್ತು. ಅರ್ಜಿ ಇನ್ನೂ ಅರ್ಧಕ್ಕೇ ಇದೆ.

ನವೆಂಬರ್ ಒಂದಕ್ಕೆ ನಮ್ಮ ಟೀಮಿನವರು ಲಿಂಕಿನ ಜಾಕೀಟೇ ತರಿಸಿಕೊಂಡರು. ಚೆನ್ನಾಗೇ ಕಾಣ್ತಿದ್ದರು. ಸ್ಟೇಜ್ ಮೇಲೆ ಒಬ್ಬರು ‘ಉತ್ತರ ಕರ್ನಾಟಕದ ತಾಯಂದಿರ ಕೈಚಳಕ’ ಅಂತ ಮೈಕಿನಲ್ಲಿ ಹೇಳಿದಾಗ ನಾನು ಎದ್ದು ಕಾಫಿ ಮಷಿನ್ ಕಡೆ ಹೋದೆ. ನನ್ನದು ಮುಗಿದದ್ದು ಸಂಕ್ರಾಂತಿ ಆದ ಮೇಲೆ. ಬಲಗಡೆ ಗೋಪುರಗಳ ಸಾಲು ದಾರ ಹಿಡಿದಂತೆ, ಎಡಗಡೆಯವು ಕೂಡ್ಲಿಗಿ ಬಸ್ಸಿನಲ್ಲಿ ನಿಂತವರ ಹಾಗೆ. ಹಾಕ್ಕೊಂಡು ಆಫೀಸಿಗೆ ಹೋದೆ. ಮ್ಯಾನೇಜರ್ ಬಂದು ಎಡಗಡೆಯನ್ನೇ ಮುಟ್ಟಿ, ‘ಇದು ನೋಡಿದ್ರೆ ಗೊತ್ತಾಗತ್ತೆ, ರಿಯಲ್ ಹ್ಯಾಂಡ್‌ಮೇಡ್’ ಅಂದರು.

ಶೀಟು ನೋಡಿದವರಲ್ಲಿ ಒಬ್ಬಳು, ಟೆಸ್ಟಿಂಗ್ ಟೀಮಿನವಳು, ಬಾಗಲಕೋಟೆ ಕಡೆಯವಳು, ಫೆಬ್ರವರಿಯಲ್ಲಿ ಬಂದು ತನ್ನ ಅಪ್ಪನಿಗೆ ಒಂದು ಬೇಕು ಅಂದಳು. 3,670 ಅಂದೆ. ‘ಕಸೂತಿ ಕಡಿಮೆ ಮಾಡಿದ್ರೆ?’ ಅಂತ ಕೇಳಿದಳು. ಸರಿಯಾದ ಪ್ರಶ್ನೆ ಅಂದರೆ ಅದು. ಅವ್ವನನ್ನು ಕೇಳಿದೆ. ಕಿಸೆಯ ಮೇಲೊಂದು ಗೋಪುರ, ಕಾಲರಿಗೆ ಮುರಗಿಯ ಒಂದು ಸಾಲು, ಉಳಿದದ್ದು ಮಷಿನ್ನು, ಅಂಚಿಗೆ ಖಣ. ಕಸೂತಿ ಆರು ತಾಸು, ಒಟ್ಟು 21. ಸಾಮಾನು ಸೇರಿ 2,100 ಅಂತ ಲೆಕ್ಕ ಹಾಕಿದೆ. ಚೌಕಾಸಿ ಮಾಡದೆ ಅವ್ವನ ನಂಬರಿಗೇ ದುಡ್ಡು ಹಾಕಿದಳು.

ಜಾಕೀಟು ಕೊರಿಯರಿನಲ್ಲಿ ಬಂತು. ಒಳಗಿನ ಕಿಸೆಯಲ್ಲಿ ಮಡಚಿದ ಇನ್ನೂರರ ಎರಡು ನೋಟು, ಒಂದು ಅರಿಷಿಣ ಕುಂಕುಮದ ಪೊಟ್ಟಣ. ಫೋನ್ ಮಾಡಿ ಬೈದೆ, ಇದೇನವ್ವ, ಲೆಕ್ಕ ಎಲ್ಲ ಮಾಡಿ ಹೇಳಿದ್ನಲ್ಲ ಅಂತ.

‘ಅಕೀ ರೇಟ ಕೇಳಿ ಮಾತಾಡ್ಲಿಲ್ಲಲ್ಲೋ ತಮ್ಮಾ, ಪಾಪ. ನನಗ ಬಾಳ ಅನ್ನಿಸ್ತು.’ ಆಮೇಲೆ ಸ್ವಲ್ಪ ತಡೆದು, ‘ಮುಂದಿನ ಸಲ ಇಸ್ಕೋತೀನಿ ಬಿಡು. ಅವರ ಕಾಕಾಂದೂ ಒಂದ ಆರ್ಡರ ಐತೆಂತಲ್ಲ, ಎದಿ ಅಳತಿ ಕೇಳಿ ಹೇಳು, ಬಗಲಿಂದ ಬಗಲಿಗೆ ಅಲ್ಲ ಮತ್ತ, ಸುತ್ತಳತಿ.’